ಹೊಳ್ಳೆ

ಶಾಲೆಯ ದಾರಿಯಲ್ಲಿ, ಚರ್ಚು ದಾಟಿ,
ಓಝ್ಬೆಯ ಮುರುಕು ಬೇಲಿ ದಾಟಿ,
ನಮ್ಮ ಕ್ರಾಸ್ ಸೀಮೆಯ ಸುಣ್ಣಕಲ್ಲಿನ ಗುಡ್ಡದ ಪಕ್ಕೆಗೆ
ಒಂದು ಬಿರುಕು.
ಅಷ್ಟೇ. ಕುರಿಮರಿ ನುಸುಳುವಷ್ಟು.
ಊರೆಲ್ಲ ಮೊಣಕಾಲುದ್ದ ಹಿಮ ಬಿದ್ದಾಗಲೂ
ಅದರ ಮುಂದೆ ಒಂದು ಚಾಪೆಯಗಲ
ಹಸಿರು ಹುಲ್ಲು.

ಡ್ರ್ಯಾಗನ್ನಿನ ಹೊಳ್ಳೆ ಅದು, ಎನ್ನುತ್ತಿದ್ದಳು ಯೇರಿತ್ಸಜ್ಜಿ.
ಕತೆಯ ದನಿಯಲ್ಲಲ್ಲ,
ಹಾಲಿನ ಲೆಕ್ಕ ಒಪ್ಪಿಸುವ ದನಿಯಲ್ಲಿ.

ಬುರ್ಯಾ ಗಾಳಿಯ ಬೆಳಗುಗಳಲ್ಲಿ
(ಹೆಂಚಿನ ಮೇಲೆ ಕಲ್ಲು ಹೇರದಿದ್ದರೆ
ಮನೆಯ ತಲೆಯನ್ನೇ ಬೋಳಿಸುವ ಗಾಳಿ)
ಕೈಗವಸು ಕಳಚಿ ಸಾಲಾಗಿ ನಿಲ್ಲುತ್ತಿದ್ದೆವು,
ಚಿಕ್ಕವರು ಮುಂದೆ.
ಬೆರಳಿಗೆ ಒಂದು ಉಸಿರು ತಾಗುತ್ತಿತ್ತು:
ಹಸಿ ಮಣ್ಣು, ಹಳೆ ನೀರು, ಬಾವಲಿ.
ಬಿಸಿಯಲ್ಲ, ಸರಿಯಾಗಿ ಬೆಚ್ಚಗೂ ಅಲ್ಲ,
ಮಲಗಿದ ಹಸುವಿಗೆ ಒರಗಿ ಕೂತ ಹಾಗೆ.

ತೀನ್ಕಾ ಕೇಳಿದಳು: ಬೆಂಕಿಯೆಲ್ಲಿ ಮತ್ತೆ?
ಪಟದಲ್ಲಿ ಬಾಯಿಂದ ಬರುತ್ತದಲ್ಲ, ಆ ಬೆಂಕಿ?

ಆಲೂಗೆಡ್ಡೆ ಹೆರೆಯುವುದು ನಿಲ್ಲಿಸದೆ ಅಜ್ಜಿ ಅಂದಳು:
ಮರಿ ಹುಟ್ಟುವ ತನಕ ಇತ್ತು.
ಆಮೇಲೆ ನುಂಗಿಕೊಂಡಿತು.
ಮಡಿಲಲ್ಲಿ ಕೂಸು, ಬಾಯಲ್ಲಿ ಕೆಂಡ,
ಎರಡೂ ಒಟ್ಟಿಗೆ ನಡೆಯುತ್ತದೇನೇ?

ಮರಿಗಳನ್ನು ನಾನು ಕಂಡಿದ್ದೇನೆ.
ಮಾರ್ಚಿನ ನೆರೆಗೆ ಗುಹೆಯ ಹೊಳೆ ಉಕ್ಕಿ
ಹುಲ್ಲುಗಾವಲೆಲ್ಲ ತುಂಬಿ ಇಳಿದ ಮೇಲೆ
ಸೇಬುಮರದ ಬುಡದಲ್ಲೊಂದು:
ಗೇಣುದ್ದ, ಕಣ್ಣಿಲ್ಲ,
ಎಳೆಗೂಸಿನ ಅಂಗಾಲಿನ ಬಣ್ಣ,
ಕತ್ತಿನ ಇಬ್ಬದಿಗೂ ಕೆಂಪು ಕುಚ್ಚು.
ಮೇಷ್ಟ್ರು ಹಲಗೆಯ ಮೇಲೆ ಅದರ ಲ್ಯಾಟಿನ್ ಹೆಸರು ಬರೆದರು,
ಹಲಗೆಯ ಈ ತುದಿಯಿಂದ ಆ ತುದಿಗೆ.
ಅಜ್ಜಿ ಹಾಲಿನ ಕ್ಯಾನಿಗೆ ತಣ್ಣೀರು ತುಂಬಿ
ಬಿಸಿಲು ತಾಗದಂತೆ ಏಪ್ರನ್ ಮುಚ್ಚಿ
ಬಿರುಕಿನ ತನಕ ಒಯ್ದಳು. ಬಗ್ಗಿ, ಒಳಗೆ ಬಿಟ್ಟಳು.
ತಗೋ ತಾಯಿ, ಅಂದಳು. ಎಣಿಸಿಕೋ.

ಎಣಿಕೆಯ ಋಣವಿತ್ತು ಅವಳಿಗೆ.

ಯುದ್ಧದ ಕಾಲದ ಒಂದು ಜನವರಿ,
ಸೈನಿಕರು ಊರು ಸುಟ್ಟ ರಾತ್ರಿ
(ಬೆಂಕಿ ಉಗುಳುವವರು ಯಾರೆಂದು ಆವತ್ತು ತಿಳಿಯಿತು)
ಹನ್ನೊಂದು ಮಕ್ಕಳನ್ನು ಆ ಬಿರುಕಿಗೆ ತಳ್ಳಿದರು ತಾಯಂದಿರು.
ಹಿರಿಯಳು ಯೇರಿತ್ಸಾ, ಒಂಬತ್ತು ವರ್ಷ.
ಕಿರಿಯವನು ಲೊವ್ರೆಂತ್ಸ್, ಇನ್ನೂ ನಡೆಯಲು ಬಾರದವನು.
ಎರಡು ರಾತ್ರಿ.
ಹೊರಗೆ ಬಾವಿಯ ಬಕೆಟ್ಟಿನಲ್ಲಿ ನೀರು ಕಲ್ಲಾಯಿತು.
ಒಳಗೆ ಒಬ್ಬರೂ ಹೆಪ್ಪುಗಟ್ಟಲಿಲ್ಲ.
ಕತ್ತಲಲ್ಲಿ ತಲೆ ತಡವಿ ತಡವಿ ಎಣಿಸಿದಳು,
ಎಣಿಸಿದಾಗಲೆಲ್ಲ ಹನ್ನೆರಡು.
ಹನ್ನೆರಡನೆಯದು ಒರಟು, ಒದ್ದೆ, ಬಲು ದೊಡ್ಡದು.

ಕಲ್ಲಿರಬೇಕು, ಅನ್ನುತ್ತಿದ್ದಳು ಅಜ್ಜಿ.
ಆಮೇಲೆ ಸಿಪ್ಪೆಗಳನ್ನು ಒಟ್ಟುಮಾಡುತ್ತ:
ಕಲ್ಲಾಗಿದ್ದರೆ, ನಾನು ಮುಟ್ಟಲೆಂದು
ತಲೆ ತಗ್ಗಿಸಿದ್ದು ಯಾಕೆ?

ಗುಹೆಯ ಗಾಳಿ ವರ್ಷವಿಡೀ ಹತ್ತು ಡಿಗ್ರಿ.
ಮೇಷ್ಟ್ರು ಹೇಳಿದ್ದು ನಿಜ,
ಥರ್ಮಾಮೀಟರ್ ಹಿಡಿದು ನಾನೇ ನೋಡಿದೆ.
ಹತ್ತೇ ಡಿಗ್ರಿ.
ಅಷ್ಟು ಉರಿಯನ್ನು ಒಳಗಿಟ್ಟುಕೊಂಡು
ಅಳೆದು ಇಷ್ಟೇ ಇಷ್ಟು ಹೊರಗೆ ಬಿಡುವುದು
ಎಂಥ ಕೆಲಸವೆಂದು ನನಗೆ ಅರ್ಥವಾದದ್ದು
ಬಹಳ ತಡವಾಗಿ, ಅಜ್ಜಿ ಹೋದ ವರ್ಷ,
ನನ್ನ ಮಗಳು ಅವಳ ನೀಲಿ ಜಾಡಿ ಒಡೆದು
ಚೂರುಗಳ ನಡುವೆ ಬರಿಗಾಲಲ್ಲಿ
ನನ್ನ ಬಾಯನ್ನೇ ನೋಡುತ್ತ ನಿಂತಾಗ.
ನುಂಗಿದೆ. ಗಂಟಲು ಸುಟ್ಟಿತು.
ಅಲುಗಬೇಡ ಪುಟ್ಟಿ, ಎತ್ತಿಕೊಳ್ಳುತ್ತೇನೆ, ಅಂದೆ.

ಈಗ ಬಸ್ಸು ಬರುತ್ತದೆ, ಬಿರುಕಿನ ಎದುರಿಗೇ ನಿಲ್ದಾಣ.
ಗುಡ್ಡಕ್ಕೆ ಬೆನ್ನು ಹಾಕುವ ಮುನ್ನ
ಏನಾದರೂ ಹರಸಬೇಕೆನಿಸುತ್ತದೆ.
ಹೊಟ್ಟೆ ತಣ್ಣಗಿರಲಿ ಅನ್ನೋಣವೆಂದರೆ,
ಅಯ್ಯೋ, ತಣ್ಣಗಾದರೆ ನಮ್ಮ ಗತಿ?
ನಿನ್ನ ಹೊಟ್ಟೆ ಬೆಚ್ಚಗಿರಲಿ, ತಾಯಿ.

ಇನ್ನೂ ಆರು ನಿಮಿಷವಿದೆ.
ಕೈಗವಸು ಕಳಚಿ.
ಚಿಕ್ಕವರು ಮುಂದೆ.